ಬಾರಬೇರಿಯ ಅರಿಸಿನ

ದಾಂಡೇಲಿಯ ಜಂಗಲ್ ಬಂಗಲೆಯ ಅಂಗಳದಲ್ಲಿ ಒಂದು ಗಿಡವಿತ್ತು. ಅದನ್ನು ಯಾರಾದರೂ ಮುಳ್ಳುಕಂಟಿ ಅಂದರೆ ಹೊಳೆವ್ವ ಅವರ ಮಾರಿ ನೋಡುತ್ತಿರಲಿಲ್ಲ. ಹಾಗೆ ಅನ್ನುವುದಕ್ಕೆ ಅಲ್ಲಿ ಜನವಾದರೂ ಎಲ್ಲಿದ್ದರು ಅನ್ನಿ. ಅಡುಗೆಯ ಗನಿಸಾಬ ಒಬ್ಬ, ಅವನ ಕುಂಟ ಬೆಕ್ಕು ಒಂದು. ಉಳಿದದ್ದೆಲ್ಲ ಸಾಗವಾನಿ ಮರ, ಕಾಳಿ ಹೊಳೆಯ ಸಪ್ಪಳ, ದೂರದ ಡಿಪೋದಲ್ಲಿ ದಿಮ್ಮಿ ಉರುಳಿಸುವವರ ಕೂಗು.

ಗಿಡದ ಹೆಸರು ಬಾರಬೇರಿ. ಹಿಂದಿದ್ದ ಸಾಹೇಬರ ಹೆಂಡತಿ ತಮ್ಮ ಸೀಮೆಯಿಂದ ತರಿಸಿ ಚೆಂದಕ್ಕೆಂದು ಹಾಕಿಸಿದ್ದು. ಎದೆಮಟ್ಟದ ಗಿಡ, ಕಡುಗೆಂಪು ಸಣ್ಣ ಎಲೆ, ಗೆಣ್ಣುಗೆಣ್ಣಿಗೆ ಸೂಜಿಮುಳ್ಳು. ನಮ್ಮ ಕಡೆಯ ಹವೆಗೆ ಒಗ್ಗುವ ಪೈಕಿ ಅಲ್ಲ ಅದು. ನೆರಳಿಗಿಟ್ಟರೆ ಕೆಂಪು ಹೋಗಿ ಹಸಿರಾಗುತ್ತದೆ, ಬಿಸಿಲಿಗಿಟ್ಟರೆ ಬೇಸಿಗೆಯಲ್ಲಿ ಎಲೆಯ ಅಂಚು ಸುಡುತ್ತದೆ. ನೀರು ನಿಂತರೆ ಬೇರು ಕೊಳೆಯುತ್ತದೆ, ನೀರು ತಪ್ಪಿಸಿದರೆ ಮುನಿಸಿಕೊಳ್ಳುತ್ತದೆ. ಹೊಸ ಅಳಿಯನನ್ನು ಸಂಭಾಳಿಸಿದಂತೆ ಸಂಭಾಳಿಸಬೇಕು. ಮೇಮಸಾಹೇಬರು ಇದನ್ನೆಲ್ಲ ಮಾಲಿ ದ್ಯಾಮಪ್ಪನಿಗೆ ಹೇಳಿಕೊಟ್ಟರು. ದ್ಯಾಮಪ್ಪ ತನ್ನ ಹೆಂಡತಿ ಹೊಳೆವ್ವನಿಗೆ ಹೇಳಿಕೊಟ್ಟ.

ಮೊದಲ ಚಳಿಗಾಲದಲ್ಲಿ ಒಂದೂ ಬಿಡದೆ ಎಲೆ ಉದುರಿದಾಗ ದ್ಯಾಮಪ್ಪ ತಲೆಯ ಮೇಲೆ ಕೈಹೊತ್ತು ಕೂತಿದ್ದ. ಕೆಲಸ ಹೋಯಿತು ಅಂದುಕೊಂಡಿದ್ದ. ಮೇಮಸಾಹೇಬರು ನಗುತ್ತ ಬಂದು, ಒಂದು ಟೊಂಗೆಯ ಸಿಪ್ಪೆಯನ್ನು ಉಗುರಿನಿಂದ ಕೆರೆದು ತೋರಿಸಿದರು. ಒಳಗೆ ಹಳದಿ. ಅರಿಸಿನ ಕೊಂಬನ್ನು ಮುರಿದಂಥ ಹಳದಿ. ಹಳದಿ ಇದ್ದರೆ ಜೀವ ಇದೆ ಎಂದು ಕೈಸನ್ನೆಯಲ್ಲೇ ತಿಳಿಸಿದರು. ಅಂದಿನಿಂದ ಪ್ರತಿ ಚಳಿಗೂ ಒಂದು ಸಲ ಸಿಪ್ಪೆ ಕೆರೆದು ನೋಡುವುದು ಗಂಡಹೆಂಡಿರಿಗೆ ರೂಢಿಯಾಯಿತು.

ಆ ಗಿಡದ ಹಳೆಯ ಕಾಂಡವನ್ನೋ ಬೇರನ್ನೋ ಕಡಿದ ದಿನ ದ್ಯಾಮಪ್ಪನ ಅಂಗೈ ಹಳದಿಯಾಗುತ್ತಿತ್ತು. ಎಷ್ಟು ತಿಕ್ಕಿದರೂ ಅವತ್ತಿಗೆ ಹೋಗುತ್ತಿರಲಿಲ್ಲ.

"ಯಾರನ್ನ ಮದುವಿ ಮಾಡ್ಕೊಂಡ ಬಂದ್ರಿ?" ಎಂದು ಹೊಳೆವ್ವ ಕೆಣಕುತ್ತಿದ್ದಳು.

"ನಿನ್ನ," ಎಂದು ಅವನು ಆ ಕೈಯನ್ನು ಅವಳ ಗಲ್ಲಕ್ಕೆ ಒರೆಸುತ್ತಿದ್ದ.

ಅವರಿಗೆ ಮಕ್ಕಳಿರಲಿಲ್ಲ. ಆದರೆ ಕೆಲವು ವರ್ಷ ಮನೆಯಲ್ಲಿ ಮಗುವಿತ್ತು. ಪಾಳಾ ಊರಿನಲ್ಲಿದ್ದ ಹೊಳೆವ್ವನ ತಮ್ಮ ಈಶಪ್ಪನ ಹೆಂಡತಿ ಶಂಕ್ರವ್ವ ಬಾಣಂತನದಲ್ಲಿ ಹಾಸಿಗೆ ಹಿಡಿದಾಗ, ಅವರ ಮಗಳು ಕಾಶಿಯನ್ನು ಹೊಳೆವ್ವ ಎತ್ತಿಕೊಂಡು ಬಂದಿದ್ದಳು. ತೊಟ್ಟಿಲಲ್ಲಿ ಆ ಕೂಸಿನ ಕಿವಿಯಲ್ಲಿ ಹೆಸರು ಕೂಗಿ, ಸೋದರತ್ತೆ ಎಂದು ಎಲ್ಲರಿಂದ ಬೆನ್ನಿಗೆ ಗುದ್ದು ತಿಂದವಳೂ ಇವಳೇ. ಕಾಶಿ ಹಾಲುಹಲ್ಲು ಬೀಳುವ ತನಕ ಬಂಗಲೆಯ ಅಂಗಳದಲ್ಲೇ ಬೆಳೆದಳು. ಬಾರಬೇರಿಯ ಬುಡಕ್ಕೆ ಒಣಗಿದ ಎಲೆ ಹಾಸುವುದು ಅವಳ ಕೆಲಸ. ಮುಳ್ಳು ಚುಚ್ಚಿದರೆ ಅಳುತ್ತ ಬೆರಳು ತೋರಿಸಲು ಓಡಿ ಬರುತ್ತಿದ್ದಳು.

ಆಮೇಲೆ ಸಾಹೇಬರಿಗೆ ಬದಲಿಯಾಯಿತು. ಅದಾದ ಮರುವರ್ಷ ಚಳಿಜ್ವರ ದ್ಯಾಮಪ್ಪನನ್ನು ಒಯ್ದಿತು. ಈಶಪ್ಪ ಬಂದು, ಗಂಡಸಿಲ್ಲದ ಮನೆ, ಸುತ್ತ ಅಡವಿ, ಹೆಣ್ಣುಕೂಸು ಇಲ್ಲಿರುವುದು ಸರಿಯಲ್ಲ ಎಂದು ಕಾಶಿಯನ್ನು ಕರೆದುಕೊಂಡು ಹೋದ. ಅವನು ಹೇಳಿದ್ದು ನ್ಯಾಯವೇ. ನ್ಯಾಯದ ಮಾತಿಗೆ ಎದುರಾಡುವುದು ಹೊಳೆವ್ವನಿಗೆ ಗೊತ್ತಿರಲಿಲ್ಲ. ಆ ಜ್ವರದ ಸೀಮೆಗೆ ಬೇರೆ ಮಾಲಿ ಬರಲು ಒಪ್ಪದ್ದರಿಂದ ಗಂಡನ ಕತ್ತರಿ, ಕುಡುಗೋಲು, ಕೊಡ ಅವಳ ಕೈಗೆ ಬಂದವು.

ಒಬ್ಬಂಟಿಯಾಗಿ ಇರುವುದೂ ಒಂದು ಚಟ. ಮೊದಮೊದಲು ಅವಳು ಗೋಡೆಯ ಜೊತೆ ಮಾತಾಡಿದಳು, ಆಮೇಲೆ ಗಿಡದ ಜೊತೆ. "ಏನಪಾ, ಇವತ್ತ ಮಾರಿ ಯಾಕ ಬಾಡೇತಿ" ಎಂದು ಬುಡದ ಮಣ್ಣು ಮುಟ್ಟಿ ನೋಡುವಳು. ಕೈಗೆ ಗೋಣಿತಟ್ಟು ಸುತ್ತಿಕೊಂಡು ಹಳೆಯ ಕಾಂಡ ಬುಡಸಹಿತ ತೆಗೆಯುವಳು. ಹಣೆಗೆ ವಿಭೂತಿ ಇಟ್ಟುಕೊಳ್ಳಲು ಕನ್ನಡಿ ಬೇಕಿಲ್ಲ. ಹೀಗಾಗಿ ಕನ್ನಡಿ ಯಾವಾಗಲೋ ಒಡೆದದ್ದು ಮತ್ತೆ ಬರಲಿಲ್ಲ. ಅವಳು ಏನು ಉಟ್ಟಳು, ಏನು ಉಂಡಳು, ಕೈಯಲ್ಲಿ ಏನು ಮೆತ್ತಿಕೊಂಡಿದ್ದಾಳೆ ಎಂದು ನೋಡುವ ಕಣ್ಣು ಅಲ್ಲಿ ಒಂದೂ ಇರಲಿಲ್ಲ. ಗನಿಸಾಬನಿಗೆ ಪೊರೆ ಬಂದು ಅರ್ಧ ಕುರುಡು. ಅವಳ ಎಲ್ಲ ಕಷ್ಟಕ್ಕೂ ಮೂಲ ಅದೇ ಆಯಿತು ನೋಡಿ, ನೋಡುವವರಿಲ್ಲದೆ ಬದುಕಿ ರೂಢಿಯಾಗಿದ್ದು.

ಒಂದು ಕೊರಗು ಮಾತ್ರ ಇತ್ತು. ಬಾರಬೇರಿ ವಸಂತಕ್ಕೆ ಹಳದಿ ಹೂ ಬಿಡುತ್ತದೆ ಎಂದು ಮೇಮಸಾಹೇಬರು ಹೇಳಿದ್ದರು. ದ್ಯಾಮಪ್ಪ ಕಾದು ಕಾದು ಸತ್ತ, ಹೂ ಬಿಡಲಿಲ್ಲ. ಹೊಳೆವ್ವನೂ ಕಾದಳು. ಪ್ರತಿ ದೀಪಾವಳಿಯ ಮೇಲೆ ತಪಾಸಣೆಗೆಂದು ದೊಡ್ಡ ಸಾಹೇಬರ ಕ್ಯಾಂಪು ಬರುತ್ತಿತ್ತು. ಅದಕ್ಕೆ ಮೊದಲು ಅಂಗಳದ ಗಿಡಗಳನ್ನೆಲ್ಲ ಒಂದೇ ಮಟ್ಟಕ್ಕೆ ಕತ್ತರಿಸುವುದು ಬಂಗಲೆಯ ಪದ್ಧತಿ. ಕಾಶಿ ಹೋಗಿ ಎಷ್ಟೋ ವರ್ಷವಾದ ಮೇಲೆ ಒಂದು ಸಲ ಮಾತ್ರ ವಿಲಾಯತಿಯಲ್ಲಿ ಯುದ್ಧ ಶುರುವಾಗಿ ಕ್ಯಾಂಪು ಬರಲಿಲ್ಲ. ನೋಡುವವರಿಲ್ಲ ಅಂದಮೇಲೆ ಯಾರಿಗಾಗಿ ಕತ್ತರಿಸಬೇಕು? ಕತ್ತರಿ ಗೂಟಕ್ಕೇ ತೂಗಿತು.

ಪುಷ್ಯದ ಕೊನೆಗೆ ಈಶಪ್ಪ ಹಳಿಯಾಳದ ದನದ ಸಂತೆಗೆ ಬಂದವನು ದಾಂಡೇಲಿಯ ತನಕ ಬಂದ. ಅಕ್ಕ ಕೊಟ್ಟ ರೊಟ್ಟಿ ತಿಂದು, ಬಾಯಿ ಒರೆಸಿಕೊಂಡು ಹೇಳಿದ:

"ಕಾಶೀ ಮದುವಿ ಗೊತ್ತಾತು ಅಕ್ಕಾ. ಮಳಗಿ ಊರ ಹುಡುಗ. ಮಾಘದಾಗ ಅಕ್ಕಿಕಾಳು. ನೀ ಬರಬೇಕು. ಬಂದ ಮ್ಯಾಲ ತಿರಿಗಿ ಹೊಂಟೇನಿ ಅನ್ನಬ್ಯಾಡ. ಆಕಿ ಹೋದ್ರ ಮನಿ ಭಣಾಭಣಾ ಅಂತೈತಿ. ಶಂಕ್ರವ್ವಗೂ ಕೈ ಜೋಡ ಆಗತೈತಿ. ಈ ಅಡವ್ಯಾಗ ಇನ್ನ ಯಾರ ಸಲವಾಗಿ ಇರ್ತಿ?"

ಗಿಡದ ಸಲುವಾಗಿ ಅನ್ನುವ ಮಾತು ಹೊಳೆವ್ವನ ನಾಲಿಗೆಯ ತುದಿಗೆ ಬಂದಿತ್ತು. ನಾಚಿಕೆಯಾಗಿ ನುಂಗಿಕೊಂಡಳು. ತಮ್ಮ ಹೋದ ಮೇಲೆ ಕಟ್ಟೆಯ ಮೇಲೆ ಕೂತು ಅತ್ತಳು, ದುಃಖಕ್ಕಲ್ಲ. ಇನ್ನು ಮೇಲೆ ಒಂದು ಮನೆ. ಬೆಳಗ್ಗೆ ಎದ್ದರೆ ಯಾರಾದರೂ ಅಕ್ಕಾರ ಅನ್ನುತ್ತಾರೆ. ಸಿಟ್ಟು ಬಂದರೆ ಬೈಯುತ್ತಾರೆ, ಬೈಯಲಿ. ಸತ್ತರೆ ಅಳುತ್ತಾರೆ. ಇಷ್ಟಕ್ಕಿಂತ ಹೆಚ್ಚಿನದನ್ನು ಅವಳು ಬೇಡಿದವಳೇ ಅಲ್ಲ.

"ಹೋಗವ್ವಾ," ಅಂದ ಗನಿಸಾಬ, "ಮನಷ್ಯಾ ಮನಷ್ಯಾರ ನಡುವ ಇರಬೇಕು. ಗಿಡಕ್ಕ ನೀರ ನಾ ಹಾಕ್ತೇನಿ."

"ಬುಡಕ್ಕ ನಿಲ್ಲೂವಂಗ ಹಾಕಬ್ಯಾಡ್ರಿ ಚಾಚಾ. ಮಣ್ಣ ಮುಟ್ಟಿ ನೋಡ್ರಿ ಮದ್ಲ."

ಹೊರಡುವ ದಿನ ಅವಳು ಬಾರಬೇರಿಯ ಬುಡದಿಂದ ಎದ್ದಿದ್ದ ಒಂದು ಮರಿಯನ್ನು ಬೇರುಸಮೇತ ಕಿತ್ತಳು. ಎಲೆ ಉದುರಿ ಗಿಡ ನಿದ್ದೆಯಲ್ಲಿರುವ ಕಾಲ, ಕಿತ್ತು ನೆಡಲು ಅದೇ ತಕ್ಕ ಹೊತ್ತು. ಒದ್ದೆ ಗೋಣಿಯಲ್ಲಿ ಸುತ್ತಿ ಮಗುವಿನಂತೆ ಕಂಕುಳಲ್ಲಿ ಇಟ್ಟುಕೊಂಡಳು. ಪಾಳಾದ ಹಿತ್ತಲಲ್ಲಿ ಬಿಸಿಲು ಬೀಳುವ ಜಾಗ ಎಲ್ಲಿದೆ ಎಂದು ಮನಸ್ಸಿನಲ್ಲೇ ಅಳೆದಿದ್ದೂ ಆಗಿತ್ತು. ತಾನು ಹೋಗುವ ಮನೆಗೆ ದ್ಯಾಮಪ್ಪನೂ ಇಷ್ಟು ಬಂದಂತಾಗಲಿ ಎಂಬ ಆಸೆ.

ಕಟ್ಟಿಗೆಯ ಗಾಡಿಯಲ್ಲಿ ಹಳಿಯಾಳ, ಅಲ್ಲಿಂದ ಮುಂಡಗೋಡದ ಕಡೆ ಹೊರಟವರ ಚಕ್ಕಡಿ. ಇಳಿದಲ್ಲೆಲ್ಲ ಮೊದಲು ಗೋಣಿಗೆ ನೀರು, ಆಮೇಲೆ ತನ್ನ ಬಾಯಿಗೆ. ಪಾಳಾದ ಕೆರೆಯ ಹತ್ತಿರ ಇಳಿದು ಬಿಚ್ಚಿ ನೋಡಿದರೆ ಚಕ್ಕಡಿಯ ಕುಲುಕಾಟಕ್ಕೆ ಒಂದು ಬೇರು ಸೀಳಿತ್ತು. ಸೀಳಿದ್ದನ್ನು ಬಿಟ್ಟರೆ ಕೊಳೆ ಒಳಗೆ ಹತ್ತುತ್ತದೆ. ಕೆರೆಯ ದಂಡೆಯಲ್ಲಿ ಕೂತು ಜೊತೆಗೆ ತಂದಿದ್ದ ಕುಡುಗೋಲಿನಿಂದ ಅದನ್ನು ನೀಟಾಗಿ ಕತ್ತರಿಸಿದಳು, ಒದ್ದೆ ಮಣ್ಣು ಮೆತ್ತಿ ಕಟ್ಟಿದಳು. ಕೈ ತೊಳೆದಳು. ಅಂಗೈ ಹಳದಿಯಾಗಿಯೇ ಉಳಿಯಿತು. ದ್ಯಾಮಪ್ಪನ ನೆನಪಾಗಿ ನಕ್ಕಳು, ಸೆರಗು ಕೊಡವಿ ಊರೊಳಗೆ ನಡೆದಳು. ಗಂಡ ಸತ್ತವಳ ಕೈಯನ್ನು ಮದುವೆಯ ಮನೆ ಹೇಗೆ ನೋಡುತ್ತದೆ ಎಂಬುದು ಅವಳಿಗೆ ಆ ಹೊತ್ತು ಹೊಳೆಯಲೇ ಇಲ್ಲ.

ಈಶಪ್ಪನ ಮನೆಯ ಮುಂದೆ ಹಸಿರು ಹಂದರ. ಒಳ್ಳಿನ ಸುತ್ತ ಮುತ್ತೈದೆಯರು ಮದುಮಗಳಿಗೆ ಅರಿಸಿನ ಕುಟ್ಟುತ್ತ ಸೋಬಾನ ಹಾಡುತ್ತಿದ್ದರು. ಕುಟ್ಟಿದ ಅರಿಸಿನ ಜಗುಲಿಯ ಮೇಲೆ ಹರಿವಾಣದಲ್ಲಿತ್ತು. ದಣಿದು ಬಂದ ಹೊಳೆವ್ವ ಅದರ ಪಕ್ಕದಲ್ಲೇ ಕೂತಳು. ಶಂಕ್ರವ್ವ ನಗುನಗುತ್ತ ತಂಬಿಗೆ ನೀರು ತಂದಳು.

"ಬರ್ರಿ ಅಕ್ಕಾರ. ಕಾಶಿ ಮುಂಜಾನಿಂದ ನಿಮ್ಮ ದಾರೀನ ಕಾಯಾಕತ್ತಾಳ."

ಹೊಳೆವ್ವ ತಂಬಿಗೆಗೆ ಎರಡೂ ಕೈ ಚಾಚಿದಳು. ಶಂಕ್ರವ್ವನ ಕಣ್ಣು ಅಂಗೈಗೆ ಹೋಯಿತು, ಅಲ್ಲಿಂದ ಹರಿವಾಣಕ್ಕೆ ಹೋಯಿತು, ತಿರುಗಿ ಅಂಗೈಗೆ ಬಂತು. ತಂಬಿಗೆ ಹಿಂದೆ ಸರಿಯಿತು.

"ಅಕ್ಕಾರ, ಹರಿವಾಣಕ್ಕ ಕೈ ಹಾಕಿದ್ರೇನು?"

ಮೆಲ್ಲಗೇ ಕೇಳಿದಳು. ಆದರೂ ಹಾಡು ನಿಂತಿತು. ಶಂಕ್ರವ್ವ ಕೆಟ್ಟ ಹೆಂಗಸಲ್ಲ, ಆ ಮಾತು ಹೇಳಿಬಿಡಬೇಕು. ಇರುವುದು ಒಬ್ಬಳೇ ಮಗಳು. ವಿಧವೆ ಮುಟ್ಟಿದ ಅರಿಸಿನ ಹಚ್ಚಿದರೆ ಮಗಳ ತಾಳಿಗೆ ಕೇಡು ಎಂದು ಹುಟ್ಟಿದಾಗಿನಿಂದ ಕೇಳುತ್ತ ಬಂದವಳು. ಹೆದರಿದಳು. ಹೆದರಿದವರ ಮುಖ ಸಿಟ್ಟಿಗೆದ್ದವರ ಮುಖಕ್ಕಿಂತ ಹೆಚ್ಚು ನೋಯಿಸುತ್ತದೆ.

"ಇಲ್ಲ ಶಂಕ್ರವ್ವಾ. ಇದು ಗಿಡದ ಬಣ್ಣ."

"ಅರಿಶಿಣಾ ಹತ್ತೂ ಗಿಡಾ ಅದ್ಯಾವದವ್ವಾ," ಅಂದಿತು ಒಂದು ದನಿ. ಯಾರೋ ಕಿಸಕ್ಕನೆ ನಕ್ಕರು. ಉಡಕಿ ಆಗಾಕ, ಇನ್ನೊಬ್ಬನ್ನ ಕಟ್ಟಿಕೊಳ್ಳಾಕ ಹೊಂಟಿದ್ದಾಳೋ ಏನೋ ಎಂದು ಇನ್ನೊಬ್ಬಳು ಪಿಸುಗುಟ್ಟಿದಳು.

ಈಶಪ್ಪ ಬಂದು, ಅಕ್ಕನ ಮುಖ ನೋಡದೆ, "ಅಕ್ಕಾ, ತೊಳಕೊಂಡ ಬಾ ಹೋಗ," ಅಂದ. ಅವಳು ಹೋಗಿ ಬೂದಿ ಹಾಕಿ ತಿಕ್ಕಿದಳು. ಚರ್ಮ ಕೆಂಪಾಯಿತು, ಹಳದಿ ಹೋಗಲಿಲ್ಲ. ತಿರುಗಿ ಬಂದಾಗ ಅಷ್ಟೂ ಹೆಂಗಸರು ಅವಳ ಕೈಯನ್ನೇ ನೋಡುತ್ತಿದ್ದರು. ಇಷ್ಟು ವರ್ಷ ಯಾರೂ ನೋಡದಿದ್ದ ಕೈ.

ತೋರಿಸದೆ ಬೇರೆ ದಾರಿಯಿರಲಿಲ್ಲ. ಗೋಣಿ ಬಿಚ್ಚಿದಳು. ಎಲೆಯಿಲ್ಲದ ಆ ಮರಿಯನ್ನು ಎಲ್ಲರ ಮುಂದೆ ಹಿಡಿದು, ಕಾಂಡದ ಸಿಪ್ಪೆಯನ್ನು ಉಗುರಿನಿಂದ ಉದ್ದಕ್ಕೆ ಕೆರೆದಳು. ಒಳಗೆ ಅಚ್ಚ ಹಳದಿ.

ಮೊದಲು ಎದ್ದು ಬಂದವಳು ಮಹಾದೇವಕ್ಕ. ಊರಿನ ಸೂಲಗಿತ್ತಿ, ಎಲ್ಲರಿಗಿಂತ ಹಿರಿಯ ಮುತ್ತೈದೆ. ಕಾಂಡವನ್ನು ಮೂಸಿದಳು, ನಾಲಿಗೆಗೆ ಹಚ್ಚಿ ಕಹಿಗೆ ಮುಖ ಕಿವುಚಿದಳು.

"ಆಕಿ ಸುಳ್ಳ ಹೇಳಿಲ್ಲ. ಇದು ಮರದರಿಶಿಣದ ಜಾತಿ. ಕಣ್ಣಬ್ಯಾನಿಗೆ, ಹುಣ್ಣಿಗೆ ತೇದ ಹಚ್ತೇವಲ್ಲ, ಅದು. ಔಷಧದ ಅಂಗಡ್ಯಾಗ ಒಣಾ ಚಕ್ಕಿ ಸಿಕ್ಕರ ಪುಣ್ಯಾ. ಇಲ್ಲಿ ಹಸೀದ ಮನಿಗೆ ಬಂದೈತಿ. ಮದುಮಗಳ ಮೈಗೆ ಇದಕಿಂತಾ ಚಲೋದು ಏನೈತಿ? ನೀರ ಚಿಮುಕಿಸಿ ಒಳ್ಳಿಗೆ ಹಾಕ್ರಿ."

ಹೊಳೆವ್ವನಿಗೆ ಮೊದಲು ಸಮಾಧಾನವಾಯಿತು, ತನ್ನ ಮಾತು ನಿಜವಾಯಿತಲ್ಲ ಎಂದು. ಅಷ್ಟರಲ್ಲಿ ಯಾರೋ ಮರಿಯನ್ನು ಅವಳ ಕೈಯಿಂದ ತೆಗೆದುಕೊಂಡರು. ಮುಳ್ಳು ಸವರಿದರು, ಬೇರಿನ ಮಣ್ಣು ಕೊಡವಿದರು, ಕುಡುಗೋಲಿನಿಂದ ತುಂಡು ಮಾಡಿದರು. ಅದು ದ್ಯಾಮಪ್ಪನದೇ ಕುಡುಗೋಲು.

"ಅದು ಹಿತ್ತಲದಾಗ ನೆಡಬೇಕಂತ ತಂದಿದ್ದೆ," ಅಂದಳು ಹೊಳೆವ್ವ.

ಒನಕೆಯ ಸಪ್ಪಳದಲ್ಲಿ ಯಾರಿಗೂ ಕೇಳಲಿಲ್ಲ. ಹಾಡು ಮತ್ತೆ ಶುರುವಾಗಿತ್ತು. ಗಿಡಕ್ಕೆ ನೀರು ಚಿಮುಕಿಸಿದರೆ ಶುದ್ಧವಾಯಿತು. ಗಿಡ ತಂದ ಕೈಗೆ ಚಿಮುಕಿಸುವ ನೀರು ಪಾಳಾದ ಯಾವ ಬಾವಿಯಲ್ಲೂ ಇರಲಿಲ್ಲ. ಶಂಕ್ರವ್ವ ಹತ್ತಿರ ಬಂದು ಕಣ್ಣೀರು ತಂದುಕೊಂಡು, "ತಪ್ಪ ತಿಳೀಬ್ಯಾಡ್ರಿ ಅಕ್ಕಾರ. ಹಿತ್ತಲದಾಗ ಕುಂಡ್ರಿ, ಊಟಾ ಅಲ್ಲೇ ಕಳಸ್ತೇನಿ," ಅಂದಳು.

ಹಿತ್ತಲಲ್ಲಿ ಬಿಸಿಲು ಚೆನ್ನಾಗಿ ಬೀಳುತ್ತಿತ್ತು. ತಾನು ಮನಸ್ಸಿನಲ್ಲಿ ಅಳೆದಿದ್ದ ಜಾಗವನ್ನು ಹೊಳೆವ್ವ ಕೂತಲ್ಲಿಂದಲೇ ನೋಡಿದಳು. ನೀರು ನಿಲ್ಲದ ಇಳಿಜಾರು, ಗಿಡಕ್ಕೆ ಒಪ್ಪುವ ಜಾಗ.

ಮರುದಿನ ಮದುಮಗಳಿಗೆ ಎರೆಯುವ ಸುರಗಿಯ ನೀರಿಗೆ ಕರೆಯುವ ಮೊದಲು ಕಾಶಿ ಹೇಗೋ ಎಲ್ಲರ ಕಣ್ಣು ತಪ್ಪಿಸಿ ಹಿತ್ತಲಿಗೆ ಬಂದಳು. ಮೈಯೆಲ್ಲ ಹಳದಿ. ಬಾರಬೇರಿಯ ಕಹಿ ವಾಸನೆ ಅವಳಿಗಿಂತ ಮೊದಲು ಬಂತು. ಎತ್ತರವಾಗಿ ಬೆಳೆದಿದ್ದಳು. ಆದರೂ ಅತ್ತೆಯ ಮುಂದೆ ಮೊಣಕಾಲೂರಿ ಕೂತಾಗ ಮುಳ್ಳು ಚುಚ್ಚಿದ ಬೆರಳು ತೋರಿಸಲು ಬರುತ್ತಿದ್ದ ಅದೇ ಹುಡುಗಿ.

"ಅತ್ತಿ, ನನಗ ಗೊತ್ತು ಅದು ನಮ್ಮ ಗಿಡ. ಎಲ್ಲಾರೂ ಹಚ್ಯಾರ. ನೀ ಹಚ್ಚಿಲ್ಲ."

ಕೆನ್ನೆ ಮುಂದೆ ಮಾಡಿದಳು. ಕಣ್ಣು ಮುಚ್ಚಿದಳು.

ಅಲ್ಲಿ ಬೇರೆ ಯಾರೂ ಇರಲಿಲ್ಲ. ಬೇಡ ಅನ್ನುವವರು ಒಬ್ಬರೂ ಇರಲಿಲ್ಲ. ಅದು ಅರಿಸಿನವಲ್ಲ, ಗಿಡದ ರಸ ಎಂದು ಹೊಳೆವ್ವನಿಗಿಂತ ಚೆನ್ನಾಗಿ ಗೊತ್ತಿದ್ದವರು ಇಡೀ ಊರಿನಲ್ಲಿ ಇರಲಿಲ್ಲ. ಆದರೂ ಅವಳೂ ಹೆದರಿದಳು. ನಾಳೆ ಈ ಹುಡುಗಿಗೆ ಒಂದು ಮುಳ್ಳು ಚುಚ್ಚಿದರೂ ನನ್ನ ಕೈಯಿಂದಲೇ ಆಯಿತು ಅಂದರೆ? ಊರು ಅನ್ನುವುದಿರಲಿ, ನಾನೇ ಅಂದುಕೊಂಡರೆ? ಎರಡೂ ಕೈಗಳನ್ನು ಸೆರಗಿನೊಳಗೆ ಮುಚ್ಚಿಕೊಂಡಳು.

"ಬ್ಯಾಡ ನನ್ನವ್ವಾ. ನನ್ನ ಕೈ ಬ್ಯಾಡ. ಒಳಗ ನಡಿ."

ಕಾಶಿ ಕಣ್ಣು ಬಿಟ್ಟು ಅತ್ತೆಯನ್ನು ನೋಡಿದಳು. ಒಳಗಿನಿಂದ ಕೂಗಿದರು, ಎದ್ದು ಹೋದಳು. ಆ ಹೆಂಗಸರೆಲ್ಲ ಸೇರಿ ಮಾಡಿದ್ದಕ್ಕಿಂತ ತಾನು ಈಗ ಮಾಡಿದ್ದೇ ಹೊಳೆವ್ವನನ್ನು ಹೆಚ್ಚು ಸುಟ್ಟಿತು. ಅವರನ್ನು ಬೈಯಬಹುದಿತ್ತು. ತನ್ನನ್ನು ಏನೆಂದು ಬೈದುಕೊಳ್ಳಬೇಕೋ ತಿಳಿಯದೆ ಅಲ್ಲೇ ಕೂತಳು. ತಾಳಿಯ ಹೊತ್ತಿಗೆ ಅಕ್ಕಿಕಾಳನ್ನು ಹಂದರದ ಹೊರಗಿನಿಂದಲೇ ಹಾಕಿದಳು.

ಮಾತಿಗೆ ಕಾಲಿಲ್ಲದಿದ್ದರೂ ಓಟ ಜೋರು. ವಿಧವೆ ಅತ್ತೆ ಅರಿಸಿನಕ್ಕೆ ಕೈ ಹಾಕಿದಳಂತೆ ಎಂಬುದು ಮಳಗಿಗೆ ಮೊದಲೇ ಮುಟ್ಟಿತ್ತು. ಗಿಡದ ನಿಜ ಹಿಂದಿನಿಂದ ಕುಂಟುತ್ತ ಹೋಯಿತು. ಬೀಗರು ಮುಖ ಗಂಟು ಹಾಕಿಕೊಂಡೇ ಉಂಡರು. ಮದುಮಕ್ಕಳನ್ನು ಕಳಿಸಿದ ಮೇಲೆ ಈಶಪ್ಪ ಅಕ್ಕನಿಗೆ ಚಕ್ಕಡಿ ಹೂಡಿಸಿದ.

"ಈಗ ಹೋಗಿರು ಅಕ್ಕಾ. ಮಂದೀ ಮಾತ ತಣ್ಣಗಾಗಲಿ. ಯುಗಾದಿ ಆಗಲಿ, ನಾನ ಬಂದ ಕರಕೊಂಡ ಬರ್ತೇನಿ."

"ಆತಪಾ," ಅಂದಳು ಹೊಳೆವ್ವ. ಅವನು ಬರುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಅವನ ಕಣ್ಣಲ್ಲಿ ನೀರಿದ್ದುದೂ ಸುಳ್ಳಲ್ಲ.

ಬಂಗಲೆಯ ಮೆಟ್ಟಿಲ ಮೇಲೆ ಗನಿಸಾಬ ಕೂತಿದ್ದ. ಹೆಜ್ಜೆಯ ಸಪ್ಪಳದಿಂದಲೇ ಗುರುತು ಹಿಡಿದ.

"ಅಲ್ಲೇ ಇರ್ತೇನಿ ಅಂದಿದ್ದಿ?"

"ಇಲ್ಲ ಚಾಚಾ. ಬಂದೆ."

ಅವನು ಎದ್ದ. ಒಳಗೆ ಹೋಗಿ ಚಹಾಕ್ಕೆ ನೀರಿಟ್ಟ.

ಫಾಲ್ಗುಣದಲ್ಲಿ ಬಾರಬೇರಿ ಚಿಗುರಿತು. ಚಿಗುರಿನ ಬುಡಬುಡಕ್ಕೆ ಸಣ್ಣ ಸಣ್ಣ ಮೊಗ್ಗು. ಹೊಳೆವ್ವ ಮೊದಲು ಹುಳ ಅಂದುಕೊಂಡಳು. ಒಂದು ಬೆಳಗ್ಗೆ ಕೊಡ ಹಿಡಿದು ಬಂದರೆ ಟೊಂಗೆಯ ತುಂಬ ಹಳದಿ ಹೂ ಜೋತುಬಿದ್ದಿತ್ತು, ಜೇನುಹುಳ ಗುಂಯ್‌ಗುಡುತ್ತಿದ್ದವು. ಗನಿಸಾಬನನ್ನು ಕೈಹಿಡಿದು ಕರೆತಂದಳು. ಅವನು ಕಣ್ಣು ಕಿರಿದು ಮಾಡಿ, ಮುಖವನ್ನು ಗಿಡದ ಹತ್ತಿರಕ್ಕೆ ತಂದು ನೋಡಿದ.

"ಈ ವರ್ಷ ಕತ್ತರಿ ಮುಟ್ಟಿಲ್ಲಲ್ಲ, ಅದಕ್ಕ. ಹ್ವಾದ ವರ್ಷದ ಟೊಂಗಿಗೇ ಹೂ ಬಂದೈತಿ ನೋಡು. ಪ್ರತಿ ವರ್ಷ ಸಾಹೇಬ್ರು ಬರ್ತಾರಂತ ನಾವ ತಲಿ ಹಾರಿಸಿಕೋತ ಬಂದ್ವಿ."

ಇಷ್ಟು ವರ್ಷ ಗಿಡ ಹೂ ಬಿಡಲು ತಯಾರಾಗಿಯೇ ಇತ್ತು. ನೋಡುವವರಿಗೆ ಚೆಂದ ಕಾಣಲಿ ಎಂದು ದ್ಯಾಮಪ್ಪನೂ ಅವಳೂ ತಮ್ಮ ಕೈಯಿಂದಲೇ ಅದನ್ನು ಕತ್ತರಿಸುತ್ತ ಬಂದಿದ್ದರು. ಹಾಲು ಉಕ್ಕಿತು ಎಂದು ಗನಿಸಾಬ ಒಳಗೆ ಹೋದ.

ಅವಳು ಗಿಡದ ಮುಂದೆ ಕೂತಳು. ಒಂದು ಹಳೆಯ ಟೊಂಗೆಯ ಸಿಪ್ಪೆಯನ್ನು ಉಗುರಿನಿಂದ ಕೆರೆದು, ಒದ್ದೆ ಅಂಗೈಗೆ ತಿಕ್ಕಿಕೊಂಡಳು. ಹಳದಿ ಹತ್ತಿತು. ಮೊಣಕಾಲೂರಿ ಕೂತ ಮದುಮಗಳ ಕೆನ್ನೆ ಎಷ್ಟು ಎತ್ತರಕ್ಕೆ ಬರುತ್ತದೋ ಅಷ್ಟಕ್ಕೆ ಕೈ ಎತ್ತಿ ಹಿಡಿದಳು.

"ಬಾ ಕಾಶೀ," ಅಂದಳು, "ಹಚ್ತೇನಿ."

ಯಾರೂ ಬೈಯಲಿಲ್ಲ. ಯಾರೂ ಬರಲೂ ಇಲ್ಲ. ಕೈ ಸೋತ ಮೇಲೆ ಇಳಿಸಿದಳು. ಸೆರಗಿಗೆ ಒರೆಸಿಕೊಳ್ಳದೆ, ಹಾಗೆಯೇ ಕೊಡ ಎತ್ತಿಕೊಂಡು ಬಾವಿಗೆ ಹೋದಳು.